ಮಲಯಾಳಂ ಮತ್ತು ಮಂಗೋಲಿಯನ್: ಎಂಟು ತಿಂಗಳ ಆನ್‌ಲೈನ್ ಪಾಠಗಳ ವಿಮರ್ಶೆ

ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಕಳೆದ ಎಂಟು ತಿಂಗಳಿಂದ ಒಂದೇ ಆನ್‌ಲೈನ್ ಪಾಠಸೇವೆಯಲ್ಲಿ ಎರಡು ಭಾಷೆಗಳನ್ನು ಕಲಿಯುತ್ತಿದ್ದೇನೆ. ಮಂಗಳವಾರ ಸಂಜೆ ಮಲಯಾಳಂ, ಶುಕ್ರವಾರ ಸಂಜೆ ಮಂಗೋಲಿಯನ್. ಪ್ರತಿ ಪಾಠವೂ ಐವತ್ತು ನಿಮಿಷದ್ದು. ಪರದೆಯ ಆಚೆ ಒಬ್ಬರೇ ಶಿಕ್ಷಕರು, ಈಚೆ ಒಬ್ಬನೇ ವಿದ್ಯಾರ್ಥಿ. ಮಲಯಾಳಂ ಪಾಠವೊಂದಕ್ಕೆ 450 ರೂಪಾಯಿ, ಮಂಗೋಲಿಯನ್ ಪಾಠಕ್ಕೆ 900 ರೂಪಾಯಿ ಕೊಟ್ಟಿದ್ದೇನೆ. ಎರಡರಲ್ಲೂ ಮೂವತ್ತು ಮೂವತ್ತು ಪಾಠಗಳು ಮುಗಿದಿರುವುದರಿಂದ, ಕುತೂಹಲಕ್ಕೆಂದು ಹೊಸ ಭಾಷೆಯೊಂದಕ್ಕೆ ಕೈಹಾಕಬೇಕೆಂದಿರುವ ಕನ್ನಡಿಗರಿಗೆ ನೆರವಾದೀತೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಸೇವೆಯ ಹೆಸರನ್ನು ಹೇಳುವುದಿಲ್ಲ. ಇಂಥ ಸೇವೆಗಳು ಹಲವಿವೆ, ಮತ್ತು ನಾನು ಹೇಳಹೊರಟಿರುವುದು ಮುಖ್ಯವಾಗಿ ಕಲಿಸುವ ಕ್ರಮವನ್ನು ಕುರಿತದ್ದು.

ಈ ಎರಡು ಭಾಷೆಗಳೇ ಏಕೆ ಎಂದು ಮನೆಯವರೂ ಕೇಳಿದ್ದಾರೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಇಪ್ಪತ್ತು ವರ್ಷಗಳಿಂದ ಹಳೆಗನ್ನಡ ಪದ್ಯಗಳಲ್ಲಿ ಬರುವ ೞ ಎಂಬ ಅಕ್ಷರವನ್ನು ಕಪ್ಪುಹಲಗೆಯ ಮೇಲೆ ಬರೆದು, ಓದುವಾಗ ಮಾತ್ರ ಅದನ್ನು ಳ ಎಂದೇ ಉಚ್ಚರಿಸಿ ಮುಂದೆ ಹೋಗುತ್ತಿದ್ದೆ. ಆ ಧ್ವನಿ ಇಂದಿಗೂ ಜೀವಂತವಾಗಿರುವ ನೆರೆಯ ಭಾಷೆಯನ್ನು ಕಲಿಯದೆ ನಿವೃತ್ತನಾಗಬಾರದೆಂಬ ಹಟ ಮಲಯಾಳಂ ಕಡೆಗೆ ಎಳೆಯಿತು. ಮಂಗೋಲಿಯನ್ನಿನ ಕಾರಣವೂ ಹತ್ತಿರದ್ದೇ. ನಮ್ಮ ಜಿಲ್ಲೆಯ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ ವಸಾಹತು ಇದೆ. ಅಲ್ಲಿರುವ ಡ್ರೆಪುಂಗ್ ಮಠದ ಗೊಮಾಂಗ್ ವಿದ್ಯಾಲಯಕ್ಕೆ ಮಂಗೋಲಿಯಾದ ಭಿಕ್ಷುಗಳು ಬಂದು ಓದುವುದು ಹಳೆಯ ಪರಂಪರೆ. ಒಮ್ಮೆ ಅಲ್ಲಿಯ ಚಹಾದಂಗಡಿಯಲ್ಲಿ ಇಬ್ಬರು ಯುವಭಿಕ್ಷುಗಳು ಮಾತನಾಡುತ್ತಿದ್ದುದನ್ನು ಟಿಬೆಟನ್ ಎಂದೇ ತಿಳಿದು ಕೇಳುತ್ತಿದ್ದೆ. ಅದು ಮಂಗೋಲಿಯನ್ ಎಂದು ಅಂಗಡಿಯಾತ ಹೇಳಿದಾಗ, ಅಷ್ಟು ದೂರದ ಭಾಷೆಯೊಂದು ನಮ್ಮೂರಿನಿಂದ ಒಂದೆರಡು ಗಂಟೆಯ ಬಸ್ ದಾರಿಯಲ್ಲೇ ಉಸಿರಾಡುತ್ತಿದೆಯಲ್ಲ ಎಂದು ಬೆರಗಾಯಿತು.

ಸೇವೆಯ ಬಗ್ಗೆ ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಶಿಕ್ಷಕರಿಬ್ಬರೂ ಶ್ರದ್ಧಾವಂತರು, ಪಾಠಕ್ಕೆ ಸಿದ್ಧರಾಗಿ ಬರುವವರು. ಆದರೆ ಅವರ ಕೈಗೆ ಸೇವೆಯು ಕೊಟ್ಟಿರುವ ಪಠ್ಯಕ್ರಮವು ಕಲಿಯುವವನ ಮನೆಮಾತು ಇಂಗ್ಲಿಷ್ ಎಂದೇ ಭಾವಿಸಿ ಸಿದ್ಧವಾದದ್ದು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಎಂಬುದನ್ನು ವಿವರಿಸಲು ಎರಡೂ ಭಾಷೆಗಳಲ್ಲಿ ಎರಡೆರಡು ಪಾಠಗಳನ್ನು ವ್ಯಯಿಸಲಾಗಿದೆ. ಕನ್ನಡಿಗನಿಗೆ ಅದನ್ನು ಹೇಳುವ ಅಗತ್ಯವೇ ಇಲ್ಲ. ವಿಭಕ್ತಿ ಪ್ರತ್ಯಯವೆಂದರೇನು ಎಂಬುದಕ್ಕೆ ಮೂರು ಪಾಠ. ನಮಗೆ ನಿಜವಾಗಿ ಕಷ್ಟವಾಗುವ ಜಾಗಗಳಲ್ಲಿ ಮಾತ್ರ ಪಠ್ಯಕ್ರಮ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತದೆ. ಆರನೆಯ ಪಾಠದ ಹೊತ್ತಿಗೆ ನಾನು ನನ್ನದೇ ಟಿಪ್ಪಣಿ ಪುಸ್ತಕವೊಂದನ್ನು ಮಾಡಿಕೊಂಡು, ಎಡಪುಟದಲ್ಲಿ ಕನ್ನಡ ವಾಕ್ಯ, ಬಲಪುಟದಲ್ಲಿ ಹೊಸ ಭಾಷೆಯ ವಾಕ್ಯ ಬರೆಯತೊಡಗಿದೆ. ಕಲಿಕೆ ನಿಜವಾಗಿ ಆರಂಭವಾದದ್ದು ಆ ದಿನದಿಂದ.

ಮಲಯಾಳಂ ಕಲಿಸಿದವರು ಪಾಲಕ್ಕಾಡ್ ಕಡೆಯವರು. ಮೂರನೆಯ ಪಾಠದಲ್ಲಿ ಅವರು ‘ಮೞ’ ಎಂದರು. ಹೆಡ್‌ಫೋನ್ ಹಾಕಿಕೊಂಡಿದ್ದೆ, ಆ ಧ್ವನಿ ಕಿವಿಯೊಳಗೇ ಹುಟ್ಟಿದಂತಿತ್ತು. ಇನ್ನೊಮ್ಮೆ ಹೇಳಿ ಎಂದು ಐದಾರು ಸಲ ಕೇಳಿಕೊಂಡೆ. ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳದತ್ತ ಏಳುತ್ತದೆ, ಆದರೆ ಅಂಗುಳವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಅದು ಳ ಆಗಿಬಿಡುತ್ತದೆ. ನಡುವೆ ಉಳಿದ ಸಂದಿಯಲ್ಲಿ ಉಸಿರು ತಡೆಯಿಲ್ಲದೆ ಹರಿಯುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಈ ಅಕ್ಷರವನ್ನು ರಳ ಎಂದು ಕರೆದು, ಅದು ಬರುವ ಶಬ್ದಗಳನ್ನು ಪಟ್ಟಿಮಾಡಿ ಕೊಡುತ್ತಾನೆ. ಪಟ್ಟಿ ಬೇಕಾಯಿತೆಂದರೆ ಅವನ ಕಾಲಕ್ಕಾಗಲೇ ಜನರ ಬಾಯಲ್ಲಿ ಅದು ಸಡಿಲವಾಗಿತ್ತೆಂದೇ ಅರ್ಥ. ಆ ಪಟ್ಟಿಯ ಮಾತುಗಳು ಒಂದೊಂದಾಗಿ ಶಿಕ್ಷಕರ ಬಾಯಿಂದ ದಿನಬಳಕೆಯ ಮಾತಾಗಿ ಬಂದವು: ನಮ್ಮ ಮಳೆ ಅವರಿಗೆ ಮೞ, ಹಳೆಯ ಎಂಬುದು ಪೞಯ, ಹುಳು ಎಂಬುದು ಪುೞು, ಏಳು ಎಂಬ ಎಣಿಕೆ ಏೞ್, ಬಾಳೆಯ ಗಿಡ ವಾೞ. ಕತ್ತೆಗೆ ಅವರು ಕೞುದ ಎಂದಾಗ, ಹಳೆಗನ್ನಡದ ಕೞ್ತೆ ನೆನಪಾಗಿ ಒಂದು ಕ್ಷಣ ಪಾಠವನ್ನೇ ನಿಲ್ಲಿಸಿದೆ. ಸ್ವರದ ಹಿಂದಿದ್ದ ರಳವು ನಮ್ಮಲ್ಲಿ ಳ ಆಯಿತು. ವ್ಯಂಜನದ ಹಿಂದಿದ್ದದ್ದು ರಕಾರವಾಗಿ, ಆಮೇಲೆ ಪಕ್ಕದ ಅಕ್ಷರದಲ್ಲಿ ಕರಗಿ, ಬಿೞ್ದು ಎಂಬುದು ಬಿರ್ದು ಆಗಿ ಬಿದ್ದು ಎಂದಾಯಿತು. ಇದನ್ನು ಇಷ್ಟು ವರ್ಷ ಸೂತ್ರವಾಗಿ ಕಲಿಸಿದ್ದೆ. ಕಿವಿಯಿಂದ ಕೇಳಿದ್ದು ಅದೇ ಮೊದಲು. 450 ರೂಪಾಯಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಸಿಕ್ಕಿಲ್ಲ.

ಆದರೆ ಇಂಥ ಸೂಕ್ಷ್ಮಗಳನ್ನೇ ಸೇವೆಯ ಪಠ್ಯ ಅಳಿಸಿಹಾಕುತ್ತದೆ. ಮೊದಲ ಹನ್ನೆರಡು ಪಾಠಗಳ ಮುದ್ರಿತ ಟಿಪ್ಪಣಿಯಲ್ಲಿ ಮಲಯಾಳಂ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಾಗಿದೆ. ಕುತ್ತಿ ಎಂದರೆ ಚುಚ್ಚಿದ, ಕುಱ್ಱಿ ಎಂದರೆ ಗೂಟ, ಕುಟ್ಟಿ ಎಂದರೆ ಮಗು. ಮೂರೂ ಬೇರೆ ಬೇರೆ ಧ್ವನಿಗಳು. ಮೊದಲನೆಯದಕ್ಕೆ ನಾಲಗೆ ಹಲ್ಲಿಗೆ ತಾಗುತ್ತದೆ, ಮೂರನೆಯದಕ್ಕೆ ಅಂಗುಳಕ್ಕೆ, ನಡುವಿನದಕ್ಕೆ ಮೇಲ್ದವಡೆಯ ವಸಡಿಗೆ. ಇಂಗ್ಲಿಷ್ ಅಕ್ಷರದ ಟಿಪ್ಪಣಿಯಲ್ಲಿ ಈ ಮೂರಕ್ಕೂ ಒಂದೇ ಬರಹ. ವೆಳ್ಳಂ ಎಂದರೆ ನೀರು, ವೆಲ್ಲಂ ಎಂದರೆ ನಮ್ಮ ಬೆಲ್ಲ (ಶರ್ಕ್ಕರ ಎನ್ನುವುದೇ ಹೆಚ್ಚು, ಈ ಮಾತೂ ಉಂಟು); ಅವೂ ಅಲ್ಲಿ ಒಂದೇ. ಲಕಾರ ಳಕಾರಗಳ ಭೇದವನ್ನು ಹುಟ್ಟಿನಿಂದ ಬಲ್ಲ ಕನ್ನಡಿಗನು ಹಣ ಕೊಟ್ಟು ಆ ಭೇದವನ್ನು ಮರೆಯುವಂತಾಗುವುದು ಸರಿಯಲ್ಲ. ಕನ್ನಡ ಲಿಪಿಯಲ್ಲಿ, ಅದರಲ್ಲೂ ನಾವು ಕೈಬಿಟ್ಟಿರುವ ೞ ಮತ್ತು ಱ ಎರಡನ್ನೂ ಮರಳಿ ಬಳಸಿಕೊಂಡರೆ, ಮಲಯಾಳಂ ಮಾತುಗಳನ್ನು ಬಹುಮಟ್ಟಿಗೆ ನಿಖರವಾಗಿ ಬರೆದುಕೊಳ್ಳಬಹುದು. ನಾನು ಹಾಗೆಯೇ ಮಾಡಿದೆ. ಶಿಕ್ಷಕರು ನನ್ನ ಪುಸ್ತಕವನ್ನು ಕ್ಯಾಮೆರಾದಲ್ಲಿ ನೋಡಿ ಸಂತೋಷಪಟ್ಟರು.

ಲಿಪಿಯನ್ನು ಕಲಿಯಲು ನನಗೆ ಮೂರು ವಾರ ಸಾಕಾಯಿತು. ವರ್ಣಮಾಲೆಯ ಕ್ರಮ ನಮ್ಮದೇ. ಪದದ ಕೊನೆಯಲ್ಲಿ ಸ್ವರವಿಲ್ಲದೆ ನಿಲ್ಲುವ ನ್, ಲ್, ರ್ ಮುಂತಾದವಕ್ಕೆ ಚಿಲ್ಲು ಎಂಬ ಪ್ರತ್ಯೇಕ ರೂಪಗಳಿರುವುದು ಮಾತ್ರ ಹೊಸತು. 1971ರ ಲಿಪಿ ಸುಧಾರಣೆಯಲ್ಲಿ ಉಕಾರ, ಊಕಾರದ ಗುರುತುಗಳನ್ನು ಅಕ್ಷರದಿಂದ ಬಿಡಿಸಿ, ಸಂಯುಕ್ತಾಕ್ಷರಗಳನ್ನು ಕಡಿಮೆ ಮಾಡಲಾಯಿತು. ಪಠ್ಯದಲ್ಲಿರುವುದು ಆ ಹೊಸ ರೂಪ ಮಾತ್ರ. ಹಳೆಯ ಪುಸ್ತಕ ತೆರೆದರೆ ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಮತ್ತು ಕಂಪ್ಯೂಟರ್ ಅಕ್ಷರಗಳು ಬಂದ ಮೇಲೆ ಆ ಹಳೆಯ ರೂಪ ಹೊಸ ಅಚ್ಚಿನಲ್ಲೂ ಕಾಣಸಿಗುತ್ತದೆ. ಅದಕ್ಕೆ ಒಂದು ಪಾಠವನ್ನಾದರೂ ಮೀಸಲಿಡಬೇಕಿತ್ತು.

ಶಬ್ದಗಳ ವಿಷಯದಲ್ಲಿ ಕನ್ನಡಿಗನು ಮಲಯಾಳಂ ಮನೆಗೆ ಅರ್ಧ ಬಾಗಿಲು ತೆರೆದೇ ಇರುವ ಅತಿಥಿ. ನಮ್ಮ ಹಕಾರವನ್ನು ಪಕಾರಕ್ಕೆ ಹಿಂದಿರುಗಿಸಿದರೆ ಹಾಲು ಪಾಲ್, ಹುಲಿ ಪುಲಿ, ಹತ್ತು ಪತ್ತ್ ಆಗುತ್ತವೆ. ಬಕಾರವನ್ನು ವಕಾರ ಮಾಡಿದರೆ ಬೇರು ವೇರ್, ಬೆರಳು ವಿರಲ್, ಬೆಲೆ ವಿಲ. ಇಕಾರ ಎಕಾರಗಳ ಹಿಂದಿನ ಕಕಾರ ಅಲ್ಲಿ ಚಕಾರವಾಗಿರುವುದರಿಂದ ಕಿವಿ ಚೆವಿ, ಕಿರಿಯ ಚೆಱಿಯ, ಕೆರೆ ಚಿಱ. ಈ ಮೂರು ಬೀಗದ ಕೈಗಳನ್ನು ಪಠ್ಯಕ್ರಮ ಎಲ್ಲಿಯೂ ಕೊಡುವುದಿಲ್ಲ. ಕೊಟ್ಟಿದ್ದರೆ, ಕಾಗದದ ಚೀಟಿಗಳಲ್ಲಿ ಬರೆದು ಬಾಯಿಪಾಠ ಮಾಡಿದ ನೂರಾರು ಶಬ್ದಗಳು ಒಂದೇ ಸಂಜೆಯಲ್ಲಿ ತಾವಾಗಿಯೇ ಬಂದು ಸೇರುತ್ತಿದ್ದವು. ಈ ಕರಾವಳಿಯಲ್ಲಿ ಇಂಥ ಕೆಲಸಕ್ಕೆ ಹಳೆಯ ಅಡಿಪಾಯವೂ ಇದೆ: ಹರ್ಮನ್ ಗುಂಡರ್ಟ್ ಅವರ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾಗಿ ಹೊರಬಂದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ, ಕಿಟ್ಟೆಲ್ ಅವರ ಕನ್ನಡ ನಿಘಂಟು ಅದೇ ಮಿಶನ್ನಿನ ಆಶ್ರಯದಲ್ಲಿ 1894ರಲ್ಲಿ ಬಂತು.

ಈಗ ಮಂಗೋಲಿಯನ್. ಕಲಿಸುವವರು ಉಲಾನ್‌ಬಾತರಿನಲ್ಲಿರುವ ಯುವ ಅಧ್ಯಾಪಕಿ. ನಮ್ಮ ಸಂಜೆ ಏಳು ಗಂಟೆಯೆಂದರೆ ಅವರಿಗೆ ರಾತ್ರಿ ಒಂಬತ್ತೂವರೆ. ಉಲಾನ್ ಎಂದರೆ ಕೆಂಪು, ಬಾತರ್ ಎಂದರೆ ವೀರ ಎಂದು ಮೊದಲ ಪಾಠದಲ್ಲೇ ಹೇಳಿದರು. ಆ ಬಾತರ್ ಎಂಬುದರ ಹಳೆಯ ರೂಪವೇ ಪಾರಸಿಯ ಮೂಲಕ ನಮ್ಮಲ್ಲಿಗೆ ಬಹದ್ದೂರ್ ಆಗಿ ಬಂದದ್ದು. ಅಲ್ಲಿ ಮೇಲಧಿಕಾರಿಗೆ ದರ್ಗ ಎನ್ನುತ್ತಾರೆ. ಅದರ ಹಳೆಯ ರೂಪ ನಮ್ಮ ದರೋಗ. ಕುದುರೆಯ ಬೆನ್ನಿನಿಂದ ಪಾರಸಿ ದಫ್ತರಕ್ಕೆ, ಅಲ್ಲಿಂದ ದಕ್ಷಿಣದ ಅರಮನೆಗಳಿಗೆ ಬಂದ ಈ ಮಾತುಗಳು ಕನ್ನಡದಲ್ಲಿ ನೂರಾರು ವರ್ಷ ಬಾಳಿದ್ದು ನನಗೆ ತಿಳಿದಿರಲಿಲ್ಲ.

ಮಂಗೋಲಿಯಾದಲ್ಲಿ 1946ರಿಂದ ಅಧಿಕೃತವಾಗಿ ಬಳಕೆಯಲ್ಲಿರುವುದು ಸಿರಿಲಿಕ್ ಲಿಪಿ, ರಷ್ಯನ್ನಿನ 33 ಅಕ್ಷರಗಳಿಗೆ ಎರಡು ಸ್ವರಗಳನ್ನು ಸೇರಿಸಿ ಒಟ್ಟು 35. ಇಂಗ್ಲಿಷಿನ ಪಿ ಆಕಾರದ್ದು ಅಲ್ಲಿ ರಕಾರ, ಎಚ್ ಆಕಾರದ್ದು ನಕಾರ, ಸಿ ಆಕಾರದ್ದು ಸಕಾರ. ಕಣ್ಣು ಹೊಂದಿಕೊಳ್ಳಲು ಎರಡು ವಾರ ಬೇಕು, ಅಷ್ಟೆ. ನಿಜವಾಗಿ ಮನಸ್ಸನ್ನು ಹಿಡಿದು ನಿಲ್ಲಿಸುವುದು ಹಳೆಯ ಲಿಪಿ. ಹದಿಮೂರನೆಯ ಶತಮಾನದ ಆರಂಭದಲ್ಲಿ ಉಯಿಗುರ್ ಲಿಪಿಯಿಂದ ರೂಪುಗೊಂಡ ಅದು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಸಾಲುಗಳು ಎಡದಿಂದ ಬಲಕ್ಕೆ ಸಾಗುತ್ತವೆ. ಚೀನಾದ ಒಳ ಮಂಗೋಲಿಯಾದಲ್ಲಿ ಮಂಗೋಲಿಯನ್ನಿಗೆ ಬಳಸುವುದು ಇದೇ ಲಿಪಿಯನ್ನು; ಮಂಗೋಲಿಯಾದಲ್ಲಿಯೂ 2015ರ ಭಾಷಾ ಕಾನೂನಿನ ಪ್ರಕಾರ 2025ರಿಂದ ಸರ್ಕಾರಿ ಕಾಗದಪತ್ರಗಳಲ್ಲಿ ಎರಡೂ ಲಿಪಿಗಳಿರಬೇಕು. ಹದಿನೈದನೆಯ ಪಾಠದಲ್ಲಿ ಅಧ್ಯಾಪಕಿ ಕುಂಚ ಹಿಡಿದು ನನ್ನ ಹೆಸರನ್ನು ಬರೆದು ತೋರಿಸಿದರು. ಒಂದೇ ಬೆನ್ನೆಲುಬಿನ ಗೆರೆ ಕೆಳಗಿಳಿಯುತ್ತ ಹೋಯಿತು. ಅದರ ಪಕ್ಕಕ್ಕೆ ಹಲ್ಲುಗಳಂತೆ, ಹೊಟ್ಟೆಯಂತೆ, ಬಾಲದಂತೆ ಅಕ್ಷರಗಳು ಮೂಡಿದವು. ಇದು ಪಠ್ಯಕ್ರಮದಲ್ಲಿ ಇರಲಿಲ್ಲ, ಅವರಾಗಿಯೇ ಮಾಡಿದ್ದು.

ಮಂಗೋಲಿಯನ್ನಿನ ಶಬ್ದಗಳು ನಮಗೆ ಒಂದೂ ಪರಿಚಿತವಲ್ಲ. ಆದರೆ ಅವು ನಿಲ್ಲುವ ಸಾಲು ನಮ್ಮದೇ. ನನ್ನ ಟಿಪ್ಪಣಿ ಪುಸ್ತಕದ ಒಂದು ಪುಟವನ್ನು ಇಲ್ಲಿ ಕೊಡುತ್ತೇನೆ. ‘ನಾನು ಪುಸ್ತಕ ಓದಿ ಮಲಗಿದೆ’ ಎಂಬುದಕ್ಕೆ ಮಲಯಾಳಂನಲ್ಲಿ ‘ಞಾನ್ ಪುಸ್ತಕಂ ವಾಯಿಚ್ಚಿಟ್ಟ್ ಉಱಙ್ಙಿ’. ಮಂಗೋಲಿಯನ್ನಿನಲ್ಲಿ ‘ಬಿ ನೊಮ್ ಉನ್‌ಶಾದ್ ಉನ್ತ್‌ಸನ್’. ಬಿ ಎಂದರೆ ನಾನು, ನೊಮ್ ಪುಸ್ತಕ, ಉನ್‌ಶಾದ್ ಓದಿ, ಉನ್ತ್‌ಸನ್ ಮಲಗಿದೆ. ಮೂರು ಭಾಷೆಗಳಲ್ಲೂ ನಾಲ್ಕು ಮಾತು, ನಾಲ್ಕೂ ಅದೇ ಸ್ಥಾನದಲ್ಲಿ. ‘ನಾನು ಓದಿದ ಪುಸ್ತಕ’ ಎಂಬ ಕೃದಂತ ಪ್ರಯೋಗ ಮಲಯಾಳಂನಲ್ಲಿ ‘ಞಾನ್ ವಾಯಿಚ್ಚ ಪುಸ್ತಕಂ’. ಮಂಗೋಲಿಯನ್ನಿನಲ್ಲಿ ‘ಮಿನೀ ಉನ್‌ಶ್‌ಸನ್ ನೊಮ್’, ಅಂದರೆ ಮಾತಿಗೆ ಮಾತಿಟ್ಟರೆ ‘ನನ್ನ ಓದಿದ ಪುಸ್ತಕ’. ಕರ್ತೃ ಷಷ್ಠಿಯಲ್ಲಿ ಬರುವುದೊಂದೇ ವ್ಯತ್ಯಾಸ. ಇನ್ನು ‘ಅವನು ಬರುತ್ತಾನೆ ಎಂದು ಹೇಳಿದ’ ಎಂಬುದರ ‘ಎಂದು’. ಮಲಯಾಳಂನಲ್ಲಿ ‘ಅವನ್ ವರುಂ ಎನ್ನ್ ಪಱಞ್ಞು’. ಮಂಗೋಲಿಯನ್ನಿನಲ್ಲಿ ‘ತೆರ್ ಇರ್ನೆ ಗೆಜ್ ಹೆಲ್‌ಸೆನ್’. ನಮ್ಮ ‘ಎಂದು’ ಎಂಬುದು ‘ಎನ್’ ಧಾತುವಿನಿಂದ ಬಂದಂತೆಯೇ ಅವರ ‘ಗೆಜ್’ ಎಂಬುದೂ ‘ಅನ್ನು’ ಎಂಬರ್ಥದ ಧಾತುವಿನಿಂದಲೇ ಬಂದದ್ದು. ಈ ಒಂದು ಪ್ರಯೋಗಕ್ಕೆ ಪಠ್ಯಕ್ರಮ ನಾಲ್ಕು ಪುಟದ ವಿವರಣೆ ಕೊಡುತ್ತದೆ. ಕನ್ನಡಿಗನಿಗೆ ಒಂದು ಮಾತು ಸಾಕು. ಪುಸ್ತಕ ಗಿಸ್ತಕ, ಚಹಾ ಗಿಹಾ ಎಂಬ ನಮ್ಮ ಪ್ರತಿಧ್ವನಿ ಮಾತುಗಳಿಗೂ ಅಲ್ಲಿ ಜೋಡಿಯಿದೆ: ನೊಮ್ ಮೊಮ್, ತ್ಸೈ ಮೈ. ಮಕಾರದಿಂದಲೇ ಆರಂಭವಾಗುವ ಮಾತಾದರೆ ಜಕಾರ ಬರುತ್ತದೆ. ಮಾಂಸಕ್ಕೆ ಮಹ್ ಎನ್ನುವುದರಿಂದ ಮಾಂಸ ಗೀಂಸ ಎಂಬುದು ಮಹ್ ಜಹ್.

ಹೆಲ್‌ಸೆನ್ ಎಂಬುದನ್ನು ಕೇಳಿದಾಗ ನನ್ನ ಹೃದಯ ಒಮ್ಮೆ ಜಿಗಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹೆಲ್ ಎಂದರೆ ನಾಲಗೆ, ಭಾಷೆ. ಹೆಲೆಹ್ ಎಂದರೆ ಹೇಳುವುದು. ನಮ್ಮ ಹೇಳು ಅಲ್ಲವೇ ಇದು! ಆದರೆ ಹಳೆಗನ್ನಡ ಬಲ್ಲವರಿಗೆ ಉತ್ತರ ಕೈಯಲ್ಲೇ ಇದೆ: ನಮ್ಮದು ಮೊದಲು ಪೇೞ್ ಆಗಿತ್ತು, ಹಕಾರ ಬಂದದ್ದು ಆಮೇಲೆ. ಹಾಗಾಗಿ ಇದು ಬರಿಯ ಕಾಕತಾಳೀಯ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಅವರು ನಮ್ಮ ಭಾಷೆಗಳನ್ನು ಮಧ್ಯ ಏಷ್ಯಾದ ಭಾಷೆಗಳ ನಂಟಿಗೆ ಸೇರಿಸಲು ಯತ್ನಿಸಿದ್ದರು. ಆ ನಂಟನ್ನು ಇಂದಿನ ಭಾಷಾಶಾಸ್ತ್ರ ಒಪ್ಪಿಲ್ಲ. ವಾಕ್ಯದ ಕಟ್ಟು ಒಂದೇ ಬಗೆಯದ್ದಾಗಿದ್ದರೂ ರಕ್ತಸಂಬಂಧ ಇರಬೇಕಾಗಿಲ್ಲ. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ. ಸಂಬಂಧವೇ ಇಲ್ಲದ ಇಬ್ಬರು ಬೇರೆ ಬೇರೆ ಊರಿನಲ್ಲಿ ಒಂದೇ ಬಗೆಯ ಮನೆ ಕಟ್ಟಿಕೊಂಡಿದ್ದಾರೆಂಬುದು ಇನ್ನೂ ಹೆಚ್ಚಿನ ಸೋಜಿಗ.

ಧ್ವನಿಯ ವಿಷಯಕ್ಕೆ ಬಂದರೆ, ಕನ್ನಡ ಲಿಪಿಯ ಮೇಲೆ ನಾನಿಟ್ಟಿದ್ದ ಭರವಸೆ ಮಂಗೋಲಿಯನ್ನಿನಲ್ಲಿ ಸೋತಿತು. ಉಸ್ ಎಂದರೆ ನೀರು. ಉಸ್ ಎಂದರೆ ಕೂದಲು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ನೀರಿನ ಉಕಾರಕ್ಕೆ ನಾಲಗೆಯ ಬುಡ ಹಿಂದಕ್ಕೆ ಸರಿದು ಧ್ವನಿ ಗಂಟಲಿನಿಂದ ತೆರೆದು ಬರುತ್ತದೆ, ಕೂದಲಿನದಕ್ಕೆ ತುಟಿ ಬಿಗಿದು ಮುಂದಿನಿಂದ ಬರುತ್ತದೆ. ಹಾಗೆಯೇ ಒರ್ ಎಂದರೆ ಮಂಚ. ನಾಲಗೆಯನ್ನು ಬಾಯಿಯ ನಡುವಿಗೆ ತಂದು ಅದೇ ಒಕಾರವನ್ನು ಹೇಳಿದರೆ ಸಾಲ. ಈ ಸ್ವರಗಳನ್ನು ಹಿಡಿಯಲು ಎಂಟು ಪಾಠಗಳು ಬೇಕಾದವು, ಮತ್ತು ಇದು ಕಿವಿಯ ಸೂಕ್ಷ್ಮಕ್ಕಾಗಿ ಅಲ್ಲ, ವ್ಯಾಕರಣಕ್ಕಾಗಿಯೇ ಬೇಕಾದದ್ದು. ಮಂಗೋಲಿಯನ್ನರು ತಮ್ಮ ಸ್ವರಗಳನ್ನು ಗಂಡು ಸ್ವರ, ಹೆಣ್ಣು ಸ್ವರ ಎಂದು ಮುಖ್ಯವಾಗಿ ಎರಡು ಪಂಗಡ ಮಾಡುತ್ತಾರೆ; ಒಂದು ಪದದೊಳಗೆ ಒಂದೇ ಪಂಗಡದ ಸ್ವರಗಳಿರಬೇಕು, ಪ್ರತ್ಯಯವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ನಮಗೆ ಪಂಚಮಿಗೆ ‘ಇಂದ’ ಒಂದೇ. ಅಲ್ಲಿ ಅಣ್ಣನಿಂದ ಎನ್ನಲು ಅಹಾಸ್, ಮನೆಯಿಂದ ಎನ್ನಲು ಗೆರೇಸ್, ಪುಸ್ತಕದಿಂದ ಎನ್ನಲು ನೊಮೋಸ್. ಪ್ರಶ್ನೆ ಕೇಳಲು ನಾವು ಬಂದನಾ ಎಂದು ಕೊನೆಗೆ ಆಕಾರ ಹಚ್ಚುವಂತೆ, ಮಲಯಾಳಿಗಳು ವನ್ನೋ ಎಂದು ಓಕಾರ ಹಚ್ಚುವಂತೆ, ಅವರೂ ಕೊನೆಗೆ ಊ ಹಚ್ಚುತ್ತಾರೆ. ಆದರೆ ಆ ಊಕಾರವೂ ಎರಡು ಬಗೆ. ಅಧ್ಯಾಪಕಿ ಈ ಭಾಗವನ್ನು ತಾಳ್ಮೆಯಿಂದ, ಪ್ರತಿ ಪಾಠದ ಮೊದಲ ಹತ್ತು ನಿಮಿಷ ಮೀಸಲಿಟ್ಟು ಕಲಿಸಿದರು. ಸೇವೆಯ ಟಿಪ್ಪಣಿಯಲ್ಲಿ ಇದಕ್ಕಿರುವುದು ಅರ್ಧ ಪುಟ.

ಮಂಗೋಲಿಯನ್ನಿನಲ್ಲಿ ನಮಗೆ ಪರಿಚಿತವಾದ ಶಬ್ದಗಳೇ ಇಲ್ಲ ಎಂದು ಮೇಲೆ ಬರೆದುದನ್ನು ಒಂದು ಕಡೆ ತಿದ್ದಬೇಕು. ಬೌದ್ಧಧರ್ಮದ ಬೆನ್ನೇರಿ ಹೋದ ಸಂಸ್ಕೃತದ ಮಾತುಗಳು ಅಲ್ಲಿ ಧಾರಾಳವಾಗಿವೆ, ಆದರೆ ವೇಷ ಬದಲಿಸಿಕೊಂಡಿವೆ. ರತ್ನ ಅಲ್ಲಿ ಎರ್ದೆನೆ, ಶ್ಲೋಕ ಶುಲೆಗ್, ದ್ವೀಪ ತಿವ್ ಆಗಿ ಖಂಡ ಎಂಬ ಅರ್ಥ ಪಡೆದಿದೆ, ಸಂಸಾರವು ಸನ್ಸರ್ ಆಗಿ ಬಾಹ್ಯಾಕಾಶಕ್ಕೆ ಹೆಸರಾಗಿದೆ. ರಸಾಯನವು ರಶಾನ್ ಆಗಿ ಖನಿಜಜಲದ ಬುಗ್ಗೆಯನ್ನು ಸೂಚಿಸುತ್ತದೆ. ಬಾವುಟದ ಮೇಲಿರುವ ರಾಷ್ಟ್ರಲಾಂಛನದ ಹೆಸರು ಸೊಯೊಂಬೊ, ಅಂದರೆ ನಮ್ಮ ಸ್ವಯಂಭೂ. 1686ರಲ್ಲಿ ಧರ್ಮಗುರು ಜನಬಜರ್ ರೂಪಿಸಿದ ಲಿಪಿಗೂ ಅದೇ ಹೆಸರು. ಗ್ರಹಗಳ ಪಾಠ ಬಂದ ದಿನ ನಾನು ಪೆನ್ನು ಕೆಳಗಿಟ್ಟು ಕೇಳುತ್ತ ಕುಳಿತೆ. ಬುಧ ಗ್ರಹ ಬುದ್, ಶುಕ್ರ ಸುಗರ್, ಶನೈಶ್ಚರ ಸಂಚಿರ್, ಬೃಹಸ್ಪತಿ ಬರ್ಹಸ್ಬದ್. ಮಂಗಳ ಗ್ರಹಕ್ಕೆ ಅವರು ಅಂಗರಗ್ ಎಂದರು. ಅಂಗಾರಕ ಸಂಕಷ್ಟಿಯ ದಿನ ಊರ ಗಣಪತಿ ದೇವಸ್ಥಾನದಲ್ಲಿ ಸರತಿಯಲ್ಲಿ ನಿಲ್ಲುವ ನಮಗೆ ಆ ಅಂಗಾರಕ ಬೇರೆಯವನಲ್ಲ. ಅದೇ ವಾರದ ಮಲಯಾಳಂ ಪಾಠದಲ್ಲಿ ಮಂಗಳನಿಗೆ ಚೊವ್ವ ಎಂದೂ ಗುರುವಿಗೆ ವ್ಯಾೞಂ ಎಂದೂ ಕಲಿತೆ. ಒಡಹುಟ್ಟಿದ ಭಾಷೆಯಲ್ಲಿ ಹೆಸರು ಬೇರೆಯಾಗಿ, ನಂಟೇ ಇಲ್ಲದ ಭಾಷೆಯಲ್ಲಿ ಪಂಚಾಂಗದ ಹೆಸರು ಉಳಿದುಕೊಂಡಿತ್ತು. ಮಲಯಾಳಂನ ಭಾನುವಾರ ಮಾತ್ರ ನನ್ನನ್ನು ಮತ್ತೆ ಮನೆಗೆ ಕರೆತಂದಿತು: ಅದು ಞಾಯಱ್, ನಮ್ಮ ನೇಸರನ ಒಡಹುಟ್ಟು.

ಎರಡು ಭಾಷೆಗಳನ್ನು ಜೊತೆಯಾಗಿ ಕಲಿತದ್ದರ ನಿಜವಾದ ಲಾಭ ದಿಕ್ಕುಗಳ ಪಾಠದಲ್ಲಿ ತಿಳಿಯಿತು. ಮಲಯಾಳಂನಲ್ಲಿ ತೆಂಕು ತೆಕ್ಕ್, ಬಡಗು ವಡಕ್ಕ್, ಪಡುವಣ ಪಡಿಞ್ಞಾಱ್, ಅಂದರೆ ನೇಸರು ಪಡುವ ಕಡೆ. ಪೂರ್ವ ಮಾತ್ರ ಕಿೞಕ್ಕ್. ಅದು ನಮ್ಮ ಕೆಳಗು ಎಂಬುದರ ಮೂಲವೇ. ಕೇರಳದಲ್ಲಿ ಪೂರ್ವವೆಂದರೆ ಘಟ್ಟ, ಮೇಲು. ಪೂರ್ವಕ್ಕೆ ಇಳಿಜಾರಿರುವುದು ಘಟ್ಟದ ಆಚೆಯ ತಮಿಳುನಾಡಿನಲ್ಲಿ. ಆ ಕಡೆಯ ಇಳಿಜಾರಿನಲ್ಲಿ ಹುಟ್ಟಿದ ಮಾತು ಘಟ್ಟದ ಈಚೆಗೂ ಹಾಗೆಯೇ ಉಳಿದುಕೊಂಡಿದೆ. ಮಂಗೋಲಿಯನ್ನಿನಲ್ಲಿ ದಿಕ್ಕುಗಳು ಗುಡಾರದ ಬಾಗಿಲಿನಿಂದ ಹುಟ್ಟುತ್ತವೆ. ಗೆರ್ ಎಂಬ ಅವರ ದುಂಡು ಮನೆಯ ಬಾಗಿಲು ದಕ್ಷಿಣಕ್ಕೆ ಇರುತ್ತದೆ. ಆದ್ದರಿಂದ ಮುಂದೆ ಎಂಬ ಮಾತೇ ದಕ್ಷಿಣ, ಹಿಂದೆ ಎಂಬುದೇ ಉತ್ತರ, ಜೂನ್ ಎಂದರೆ ಎಡವೂ ಹೌದು ಪೂರ್ವವೂ ಹೌದು, ಬರೂನ್ ಎಂದರೆ ಬಲವೂ ಹೌದು ಪಶ್ಚಿಮವೂ ಹೌದು. ಸಂಸ್ಕೃತದಲ್ಲಿ ದಕ್ಷಿಣವೆಂದರೆ ಬಲಗಡೆ, ಏಕೆಂದರೆ ಅಲ್ಲಿ ನಿಂತವನು ಸೂರ್ಯನಿಗೆ ಮುಖ ಮಾಡಿದ್ದಾನೆ. ಮಂಗೋಲನು ಬಿಸಿಲು ಬರುವ ಬಾಗಿಲಿಗೆ ಮುಖ ಮಾಡಿದ್ದಾನೆ, ಮಲಯಾಳಿಯ ಪೂರ್ವಿಕನು ನೆಲದ ಇಳಿಜಾರನ್ನು ನೋಡಿದ್ದಾನೆ. ಅಂದು ಪಾಠ ಮುಗಿದ ಮೇಲೆ ಜಗಲಿಯಲ್ಲಿ ನಿಂತು ಮೂಡು, ತೆಂಕು, ಪಡು, ಬಡಗು ಎಂದು ನಾಲ್ಕು ಕಡೆಗೂ ತಿರುಗಿ ನೋಡಿದೆ.

ಕ್ರಿಯಾಪದದಲ್ಲಿ ಈ ಎರಡೂ ಭಾಷೆಗಳು ಒಂದಾಗಿ, ಕನ್ನಡವೇ ಬೇರೆ ನಿಲ್ಲುತ್ತದೆ. ನಾವು ಬಂದೆ, ಬಂದೆವು, ಬಂದಿರಿ, ಬಂದ, ಬಂದಳು, ಬಂದಿತು, ಬಂದರು ಎಂದು ಪ್ರತಿಯೊಂದಕ್ಕೂ ಬಾಲ ಬದಲಿಸುತ್ತೇವೆ. ಮಲಯಾಳಂನಲ್ಲಿ ಎಲ್ಲರಿಗೂ ವನ್ನು, ಮಂಗೋಲಿಯನ್ನಿನಲ್ಲಿ ಎಲ್ಲರಿಗೂ ಇರ್‌ಸೆನ್. ಮಂಗೋಲಿಯನ್ನಿನ ತೆರ್ ಎಂಬ ಒಂದೇ ಸರ್ವನಾಮ ಅವನು, ಅವಳು, ಅದು ಮೂರಕ್ಕೂ ನಡೆಯುತ್ತದೆ. ಗೌರವ ಮಾತ್ರ ಎಲ್ಲಿಯೂ ಕಡಿಮೆಯಾಗಿಲ್ಲ. ಚಿ ಎಂದರೆ ನೀನು, ತ ಎಂದರೆ ನೀವು. ಹಿರಿಯರ ಹೆಸರಿಗೆ ಅಹ್, ಎಗ್ಚ್ ಎಂದು ಅಣ್ಣ, ಅಕ್ಕ ಸೇರಿಸುವುದೂ ನಮ್ಮಂತೆಯೇ, ಮಲಯಾಳಿಗಳ ಚೇಟ್ಟನ್, ಚೇಚ್ಚಿಯಂತೆಯೇ. ನಾನೂ ಪಾಠ ಹೇಳುವವನೆಂದು ತಿಳಿದ ಮೇಲೆ ಪಾಲಕ್ಕಾಡಿನವರು ನನ್ನನ್ನು ಮಾಷ್ ಎಂದು ಕರೆಯತೊಡಗಿದರು. ಉಲಾನ್‌ಬಾತರಿನ ಅಧ್ಯಾಪಕಿ ಬಗ್ಶ್ ಎಂದು ಕರೆದರು. ಒಂದು ಮಾಸ್ಟರ್ ಎಂಬುದರಿಂದ ಬಂದದ್ದು, ಇನ್ನೊಂದು ಮಂಗೋಲಿಯನ್ನಿನಲ್ಲಿ ಗುರುವಿಗಿರುವ ಹಳೆಯ ಮಾತು. ಕಿವಿಗೆ ಎರಡೂ ನಮ್ಮ ಮೇಷ್ಟ್ರು ಎಂದಷ್ಟೇ ಆಪ್ತವಾಗಿದ್ದವು.

ವ್ಯವಹಾರದ ಬಗ್ಗೆ ಎರಡು ಮಾತು. ಜುಲೈ ತಿಂಗಳ ಗಾಳಿಮಳೆಗೆ ಕರೆಂಟು ಹೋಗಿ ಎರಡು ಪಾಠಗಳು ಅರ್ಧದಲ್ಲೇ ನಿಂತವು. ಪಾಠಕ್ಕೆ ಹನ್ನೆರಡು ಗಂಟೆ ಮೊದಲು ತಿಳಿಸಿದರೆ ಮಾತ್ರ ಹಣ ಮರಳುತ್ತದೆಂಬ ನಿಯಮವನ್ನು ತೋರಿಸಿ ಸೇವೆಯವರು ಹಣ ಹಿಂದಿರುಗಿಸಲಿಲ್ಲ. ಮಲೆನಾಡಿನ ಮಳೆ ಹನ್ನೆರಡು ಗಂಟೆ ಮೊದಲು ಹೇಳಿ ಬರುವುದಿಲ್ಲವೆಂದು ಬರೆದ ಪತ್ರಕ್ಕೆ ಸಿದ್ಧ ಉತ್ತರವೊಂದು ಬಂತು. ಶಿಕ್ಷಕರಿಬ್ಬರೂ ತಮ್ಮ ಸ್ವಂತ ಸಮಯದಲ್ಲಿ ಆ ಪಾಠಗಳನ್ನು ಪೂರ್ತಿಗೊಳಿಸಿಕೊಟ್ಟರು. ಆ ಉಪಕಾರ ಅವರದು, ಸೇವೆಯದಲ್ಲ. ಪಾಠದ ಧ್ವನಿಮುದ್ರಣವನ್ನು ಮೂವತ್ತು ದಿನಗಳ ಕಾಲ ಮರಳಿ ಕೇಳಬಹುದಾದ ಅನುಕೂಲ ಬಹಳ ಒಳ್ಳೆಯದು. ಮಂಗೋಲಿಯನ್ನಿನ ಸ್ವರಗಳು ಕಿವಿಗೆ ಇಳಿದದ್ದು ಆ ಧ್ವನಿಮುದ್ರಣಗಳನ್ನು ಬೆಳಗಿನ ವಾಯುವಿಹಾರದಲ್ಲಿ ಕೇಳಿ ಕೇಳಿಯೇ.

ಮಂಗೋಲಿಯನ್ ಪಾಠಗಳನ್ನು ಇನ್ನೂ ಇಪ್ಪತ್ತಕ್ಕೆ ಮುಂದುವರಿಸಲು ಹಣ ಕಟ್ಟಿದ್ದೇನೆ. 900 ರೂಪಾಯಿ ಹೆಚ್ಚೆನಿಸಿದರೂ, ಆ ಭಾಷೆಯನ್ನು ಸ್ವರಶುದ್ಧವಾಗಿ ಕಲಿಸುವವರು ನಮ್ಮ ಸುತ್ತಮುತ್ತ ಸಿಗುವುದು ಅಪರೂಪ, ಮತ್ತು ಈ ಅಧ್ಯಾಪಕಿ ಕೊಟ್ಟ ಹಣಕ್ಕೆ ಮೀರಿ ಕಲಿಸುತ್ತಾರೆ. ಮಲಯಾಳಂ ಪಾಠಗಳನ್ನು ಈ ಸೇವೆಯಲ್ಲಿ ನಿಲ್ಲಿಸಿದ್ದೇನೆ. ಕಾಸರಗೋಡಿನಲ್ಲಿ ಕನ್ನಡವನ್ನೂ ಮಲಯಾಳವನ್ನೂ ಸಮಾನವಾಗಿ ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಫೋನಿನಲ್ಲಿ ಕಲಿಸಲು ಒಪ್ಪಿದ್ದಾರೆ. ಇನ್ನು ಮುಂದೆ ಇಂಗ್ಲಿಷಿನ ಸುತ್ತುದಾರಿ ಬೇಕಿಲ್ಲ. ಹೊಸದಾಗಿ ಸೇರುವವರು ಹಣ ಕಟ್ಟುವ ಮೊದಲು, ಪರೀಕ್ಷಾರ್ಥ ಪಾಠದಲ್ಲೇ ಶಿಕ್ಷಕರಿಗೆ ತಾವು ಕನ್ನಡಿಗರೆಂದು ಹೇಳಿ, ವಾಕ್ಯರಚನೆಯ ಆರಂಭದ ಪಾಠಗಳನ್ನು ಬಿಟ್ಟು ಧ್ವನಿ ಮತ್ತು ಶಬ್ದಗಳಿಗೆ ನೇರವಾಗಿ ಹೋಗಲು ಸಾಧ್ಯವೇ ಎಂದು ಕೇಳಲಿ. ನಾನು ಹತ್ತನೆಯ ಪಾಠದಲ್ಲಿ ಕೇಳಿದೆ. ಇಬ್ಬರೂ ಆಗಬಹುದು ಎಂದರು.